ಐದನೇ ಸಾಲು

ಕಾಲೇಜ್ ಹಾಸ್ಟೆಲ್, ರೂಮ್ ನಂಬರ್ ೧೪
೭ನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ನೆಗಡಿ ಹೋಯಿತಾ, ಇಲ್ಲಾ ಇನ್ನೂ ಯೂನಿಫಾರ್ಮ್ ತೋಳೇ ಕರ್ಚೀಫಾ? ವಾರ್ಡನ್ ಮಿಸ್‌ಗೂ ನನ್ನ ನಮಸ್ಕಾರ. ಈ ಕಾಗದವನ್ನು ನಿನಗಿಂತ ಮೊದಲು ಓದುವವರು ಅವರೇ ತಾನೆ!

ನಿನ್ನ ಪತ್ರ ತಲುಪಿತು. ‘ನಾನು ಇಲ್ಲಿ ಕ್ಷೇಮ. ಊಟ ಚೆನ್ನಾಗಿದೆ. ಪಾಠಗಳು ಚೆನ್ನಾಗಿ ನಡೆಯುತ್ತಿವೆ. ಚಿಂತೆ ಬೇಡ.’ ಈ ನಾಲ್ಕು ಸಾಲು ನನಗೆ ಬಾಯಿಪಾಠ ಕಣೇ. ಸ್ಕೂಲ್ ಹಾಸ್ಟೆಲಿನಲ್ಲಿ ನೀನೀಗ ಕೂರುವ ಅದೇ ಸ್ಟಡಿ ಹಾಲಿನಲ್ಲಿ, ಮಿಸ್ ಬೋರ್ಡಿನ ಮೇಲೆ ಬರೆದಿದ್ದನ್ನು ಆರು ವರ್ಷ ಪ್ರತಿ ಭಾನುವಾರ ಕಾಪಿ ಮಾಡಿದವಳು ನಾನು. ಜ್ವರ ಬಂದು ಮಲಗಿದ್ದ ವಾರವೂ ನಾನು ‘ಕ್ಷೇಮ’ವೇ! ಆದರೆ ನಿನ್ನ ಹಾಳೆಯಲ್ಲಿ ‘ಕ್ಷೇಮ’ದ ಹತ್ತಿರ ಪೆನ್ನು ಒತ್ತಿ ಒತ್ತಿ ತೂತೇ ಬಿದ್ದಿದೆ. ಅದು ಬೋರ್ಡಿನಲ್ಲಿ ಇರಲಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೋದ ತಿಂಗಳು ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೈ ನಡುಗಿ, ಎದೆ ಢವಢವ ಹೊಡೆದುಕೊಂಡು, ಉಸಿರೇ ಸಿಗದೆ ಹೊರಗೆ ಓಡಿಬಂದೆ. ಆಮೇಲೆ ಐದು ದಿನ ಕ್ಲಾಸಿನ ಕಡೆ ತಲೆ ಹಾಕಲಿಲ್ಲ. ರೂಮ್‌ಮೇಟ್ ಕೇಳಿದಾಗೆಲ್ಲ ‘ಐ ಆ್ಯಮ್ ಫೈನ್’ ಅನ್ನುತ್ತಿದ್ದೆ. ಕೊನೆಗೆ ಅವಳು ನನ್ನ ಚಪ್ಪಲಿ ತಂದು ಕಾಲ ಮುಂದೆ ಇಟ್ಟು, “ಫೈನೂ ಇಲ್ಲ ಗೀನೂ ಇಲ್ಲ, ನಡಿಯೇ” ಎಂದು ಕಾಲೇಜಿನ ಕೌನ್ಸೆಲರ್ ಮೇಡಂ ಹತ್ತಿರ ಎಳೆದುಕೊಂಡು ಹೋದಳು. ಮೇಡಂ ಕೇಳಿದ್ದು ಇಷ್ಟೇ: “ಹೇಗಿದ್ದೀಯಮ್ಮಾ?” ನಾನು ಏನು ಮಾಡಿದೆ ಗೊತ್ತಾ? ನಾಲ್ಕೂ ಸಾಲು ಗಿಣಿಯ ಹಾಗೆ ಒಪ್ಪಿಸಿಬಿಟ್ಟೆ! ಊಟ ಚೆನ್ನಾಗಿದೆ ಅಂತಲೂ ಹೇಳಿದೆ, ಮೂರು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಅವರು ನಗಲಿಲ್ಲ. “ಐದನೇ ಸಾಲು ಏನು?” ಎಂದರು. ನನಗೆ ಐದನೇ ಸಾಲು ಬರೆದೇ ಗೊತ್ತಿಲ್ಲವಲ್ಲ! ಅಳುತ್ತಾ ಕೂತೆ. ಅರ್ಧ ಗಂಟೆಯಾದ ಮೇಲೆ, “ನನಗೆ ಭಯ ಆಗುತ್ತೆ” ಅಂದೆ. ಅಷ್ಟೇ. ಆದರೆ ಆ ದಿನ ಹೊಟ್ಟೆ ತುಂಬ ಉಂಡೆ.

ಈಗ ವಾರಕ್ಕೊಮ್ಮೆ ಅವರ ಹತ್ತಿರ ಹೋಗುತ್ತೇನೆ. ನಡುಕ ಪೂರ್ತಿ ನಿಂತಿಲ್ಲ, ಲ್ಯಾಬಿಗೆ ಹೋಗುವುದನ್ನೂ ನಿಲ್ಲಿಸಿಲ್ಲ.

ಚೆನ್ನಾಗಿ ನಿದ್ದೆ ಮಾಡು. ಗಲ್ಲಕ್ಕೊಂದು ಮುತ್ತು.

ನಿನ್ನ
ಅಕ್ಕ

ಮರೆತಿದ್ದೆ: ಶನಿವಾರ ವಿಸಿಟಿಂಗ್ ಅವರ್‌ಗೆ ಬರುತ್ತಿದ್ದೇನೆ. ಅಮ್ಮನಿಗೆ ಇದ್ಯಾವುದನ್ನೂ ಇನ್ನೂ ಹೇಳಿಲ್ಲ, ಒಬ್ಬಳೇ ಹೇಳಲು ಧೈರ್ಯವಿಲ್ಲ. ನಿಮ್ಮ ಹಾಸ್ಟೆಲ್ ಆಫೀಸಿನ ಫೋನಿನಿಂದ ಅವಳ ಹತ್ತಿರ ಮಾತಾಡೋಣ, ನೀನು ನನ್ನ ಪಕ್ಕದಲ್ಲೇ ನಿಂತಿರು. ನನ್ನ ಐದನೇ ಸಾಲು ಮುಗಿದ ಮೇಲೆ ಫೋನ್ ನಿನ್ನ ಕೈಗೆ ಕೊಡುತ್ತೇನೆ.