ಅಂಚು ಸವೆದ ನಾಣ್ಯ

ಸುಭಾಷಾ,

ಎಕ್ಕಂಬಿ ಬಸ್ಸಿಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಹಾಲು ಕಾಯಿಸಿಕೋ.

ಅಜ್ಜಿಯ ಬಂಗಾರದ ನಾಣ್ಯಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡ, ಹೊಳಪು ಬಂದರೆ ಬೆಲೆ ಹೋಗುತ್ತದಂತೆ.

ನಿನ್ನೆ ಶಿರಸಿಯ ಅಕ್ಕಸಾಲಿಗ ಪತ್ತಾರ ಎಲ್ಲವೂ ಅಪ್ಪಟ ಅಂದರೂ ಒಂದನ್ನು ಹಿಡಿದು, "ಇದರ ಅಂಚು ಯಾರೋ ಅರದಿಂದ ತಿಕ್ಕ್ಯಾರ್ರಿ" ಅಂದನಲ್ಲ, ಆಗಿನಿಂದ ಅವನ್ನು ಜೋಪಾನ ಮಾಡಿದ ಚಿಕ್ಕವ್ವನ ಜೊತೆ ನಿನಗೆ ಮಾತಿಲ್ಲ.

ಹುಚ್ಚಪ್ಪಾ, ಅರವೂ ಅಲ್ಲ, ಕಳವೂ ಅಲ್ಲ. ನಮ್ಮ ಮನೆಯ ಕೂಸುಗಳಿಗೆಲ್ಲ ಮಾತು ಬರಲೆಂದು ಆ ನಾಣ್ಯವನ್ನೇ ಬಜೆಬೇರಿನ ಜೊತೆ ಸಾಣೆಕಲ್ಲಿನ ಮೇಲೆ ತೇದು, ಜೇನಿನಲ್ಲಿ ನೆಕ್ಕಿಸಿದ್ದು. ಮೂರು ವರ್ಷವಾದರೂ ನಿನಗೆ ಮಾತು ಬಂದಿರಲಿಲ್ಲ. ನಾನು ಕೈಚೆಲ್ಲಿ ಅಳುತ್ತಿದ್ದಾಗ ದಿನವೂ ಬೆಳಿಗ್ಗೆ ತೇದು ನೆಕ್ಕಿಸಿದವಳು ಅವಳೇ. ನಿನ್ನ ಬಾಯಿಂದ ಮೊದಲು ಬಂದದ್ದು "ಚಿಕ್ಕವ್ವಾ."

ರೊಟ್ಟಿ ಇಬ್ಬರಿಗಾಗುವಷ್ಟಿದೆ. ಅವಳನ್ನು ಹಾಗೇ ಒಂದು ಸಲ ಕರೆ.

ಅವ್ವ