ಓಬಕ್ಕನ ಸರದಿಗೆ ಮುಗಿದ ಸೆಲ್ಲು

ರಾಮಗಿರಿ
11 ಆಗಸ್ಟ್ 2024

ಪ್ರೀತಿಯ ಜಯಣ್ಣನಿಗೆ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಹಿರಿಯೂರಿನಿಂದ ಅತ್ತಿಗೆ ಕಳಿಸಿದ ಹುಣಸೆಹಣ್ಣು ತಲುಪಿತು, ಚೆನ್ನಾಗಿದೆ. ಅದರ ಜೊತೆ ಬಿಂದುವಿಗೆಂದು ನೀನು ಇಟ್ಟ ಹಳೇ ಡಿಜಿಟಲ್ ಕ್ಯಾಮೆರಾ, ಚಾರ್ಜರ್, ನಾಲ್ಕು ಸೆಲ್ಲೂ ಬಂದವು. ನನ್ನ ಮಗಳು ಕುಣಿದಾಡಿದಳು. ಫೋನಿನಲ್ಲಾದರೆ ನೀನು ಮಾತು ತೇಲಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮದುವೆಯ ದಿನ ಇದೇ ಕ್ಯಾಮೆರಾ ನಿನ್ನ ಕೊರಳಲ್ಲಿತ್ತು. ಬೆಳಿಗ್ಗೆ ಎಲ್ಲರಿಗೂ ಸೆಲ್ ತೋರಿಸಿ, "ಇವು ಚಾರ್ಜ್ ಮಾಡೋವು, ರಾತ್ರೆಲ್ಲ ಹಾಕೀನಿ, ಸಂಜೆ ತನ್ಕ ಏನೂ ಆಗಲ್ಲ" ಎಂದಿದ್ದೆ. ನಮ್ಮ ಕಡೆಯವರ ಫೋಟೋ ಎಲ್ಲಾ ಆದವು. ಕೂಲಿ ಮಾಡುವವರ ಮನೆಗೆ ನಾನು ಹೋಗುವುದು ನಿನಗೆ ಹಿಡಿಸಿರಲಿಲ್ಲ, ಗೊತ್ತಿತ್ತು. ಆದರೂ ನನ್ನ ಅತ್ತೆ ಓಬಕ್ಕ ಹೊಸ ಸೀರೆಯ ಸೆರಗು ಸರಿ ಮಾಡಿಕೊಂಡು ಪಕ್ಕ ನಿಂತಾಗ ನೀನು "ಸೆಲ್ ಹೋದ್ವು" ಎಂದದ್ದನ್ನು ನಂಬಿದೆ. ಅವರೇ ನಕ್ಕರು: "ಬಿಡಪ್ಪ, ನನ್ ಮಕ ನೋಡಿ ಸೆಲ್ಲೇ ಹೆದರ್ಕಂಡ್ವು." ಆ ವರ್ಷವೇ ಅವರು ತೀರಿಕೊಂಡರು. ಗೋಡೆಗೆ ಹಾಕಲು ಒಂದು ಫೋಟೋ ಇರಲಿಲ್ಲ. ಮತದಾರರ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿದೆವು. ಬಿಂದು ಚಿಕ್ಕವಳಿದ್ದಾಗ "ಇದ್ರಲ್ಲಿ ಅಜ್ಜಿ ಮೂಗು ಯಾವ್ದಮ್ಮ?" ಎಂದು ಕೇಳುತ್ತಿದ್ದಳು. ಚಾರ್ಜ್ ಮಾಡುವ ಸೆಲ್ ನಂಬಬೇಡಿ ಎಂದು ನಾನು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಅತ್ತೆಯ ಆ ಮಾತನ್ನು ನಮ್ಮ ಯಜಮಾನರು ಹೇಳಿ ಹೇಳಿ ನಗುತ್ತಿದ್ದರು. ಮೊನ್ನೆಯಿಂದ ಹೇಳಿಲ್ಲ.

ಮೊನ್ನೆ ಬಿಂದು ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿ ಕ್ಯಾಮೆರಾ ಆನ್ ಮಾಡಿದಳು. ಮದುವೆಯ ದಿನದ ಕಾರ್ಡು ಒಳಗೆ ಹಾಗೇ ಇತ್ತು. ನಮ್ಮ ಕಡೆಯವರ ಫೋಟೋ ಮುಗಿದ ಮೇಲೆ ಊಟದ ಪಂಕ್ತಿ, ನಿನ್ನ ಗೆಳೆಯರು, ನಿನ್ನ ಬೈಕು, ಬೈಕಿನ ಮೇಲೆ ಗೆಳೆಯರು. ನಾನು ವ್ಯಾನ್ ಹತ್ತುವ ತನಕವೂ ಫೋಟೋ ಇವೆ. ಬೇರೆ ಸೆಲ್ ತಂದು ಹಾಕಿದ್ದೆಯೇನೋ ಎಂದು ನಿನ್ನ ಪರವಾಗಿಯೂ ಯೋಚಿಸಿದೆ. ಹಾಕಿದ್ದರೆ ಅತ್ತೆಯನ್ನು ಕರೆಯಬಹುದಿತ್ತು. ಅವರು ಎಲ್ಲೂ ಹೋಗಿರಲಿಲ್ಲ, ಅಣ್ಣಾ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ತಂಗಿ
ಶಾಲಿನಿ

ತಾ.ಕ.: ನಿನ್ನ ಗೆಳೆಯರು ಊಟಕ್ಕೆ ಕೂತ ಒಂದು ಫೋಟೋದಲ್ಲಿ, ಅವರ ಹಿಂದೆ, ನೀರಿನ ಜಗ್ಗು ಹಿಡಿದು ಅತ್ತೆ ಬರುತ್ತಿದ್ದಾರೆ. ಮೂಗು ಚೆನ್ನಾಗಿ ಕಾಣುತ್ತದೆ. ಅಷ್ಟನ್ನೇ ತೆಗೆಸಿ ಹೊಳಲ್ಕೆರೆಯಲ್ಲಿ ಕಟ್ಟು ಹಾಕಿಸಿದೆವು. ಹಿರಿಯರ ಹಬ್ಬದ ಎಡೆಗೆ ಬಾ. ಫೋಟೋ ತೆಗೆದವರು ಯಾರೆಂದು ನೆಂಟರು ಕೇಳುತ್ತಾರೆ, ನಿನ್ನ ಹೆಸರೇ ಹೇಳುತ್ತೇನೆ. ಅವತ್ತು ನಿನ್ನ ಸೆಲ್ ಹೋಗಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ.