ನಿನ್ನ ಹಲಗೆಯ ಮೇಲೆ ನನ್ನ ಸೀಮೆಸುಣ್ಣ

ಅಂಗಡಿಯ ಗಲ್ಲಾದ ಹಿಂದೆ,
ಭಾನುವಾರ ಮಧ್ಯಾಹ್ನ, ಬಾಗಿಲು ಅರ್ಧ ಎಳೆದುಕೊಂಡು.

ಪ್ರೀತಿಯ ಗುಬ್ಬಚ್ಚಿಗೆ,

ಮೊನ್ನೆ ಮಂಗಳವಾರ ಒಂದೇ ಕೈಯಲ್ಲಿ ಬಸ್ಸು ಎತ್ತಿದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಹೌದು, ಬಸ್ಸೇ. ಒಳಗೆ ಜನ ಕೂತಿದ್ದ ಹಾಗೆಯೇ ಎತ್ತಿದೆ. ಯಾರ ಕೈಯಲ್ಲಿದ್ದ ಟೀ ಕೂಡ ತುಳುಕಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಹೇಗಿದ್ದೀಯ ಹೇಳು. ಬೆಸುಗೆ ಕಲಿಯಲು ಹೋದ ಮೊದಲ ವಾರವೇ ಕಣ್ಣು ಉರಿಯುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಆ ಕಬ್ಬಿಣದ ಮುಖವಾಡವನ್ನು ಸರಿಯಾಗಿ ಇಳಿಸಿಕೊಂಡೇ ಕಿಡಿ ಹಾರಿಸು. ಎಷ್ಟು ಹೊಳೆಯುತ್ತದೆ ನೋಡೋಣ ಎಂದು ಇಣುಕಬೇಡ. ನಿನ್ನ ಬುದ್ಧಿ ನನಗೆ ಗೊತ್ತು, ಅದು ನನ್ನದೇ ಬುದ್ಧಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಮ್ಮನ ಕೆಮ್ಮು ನಿಂತಿದೆ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ಮಾತಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿಮ್ಮತ್ತೆ ಯಾವಾಗಲೂ ಮಾತಾಡುತ್ತಾಳೆ.

ನೀನು ಹೋಗುವಾಗ ವಹಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದೇನೆ. ಸೋಮವಾರ ವ್ಯಾನಿನಲ್ಲಿ ಹೊಸ ಸೂಪರ್‌ಹೀರೋ ಕಾಮಿಕ್ಸಿನ ಕಟ್ಟು ಬಂತು. ಎಲ್ಲವನ್ನೂ ಓದಿ, ಬಾಗಿಲ ಪಕ್ಕದ ನಿನ್ನ ಕಪ್ಪು ಹಲಗೆಯ ಮೇಲೆ ಒಂದೊಂದು ಪುಸ್ತಕಕ್ಕೂ ಒಂದೊಂದು ಸಾಲು ಬರೆದೆ. ಈಗ ಅದನ್ನೇ ವಿಸ್ತಾರವಾಗಿ ನಿನಗೆ ಬರೆಯುತ್ತಿದ್ದೇನೆ. ಆದರೆ ಗುಬ್ಬಚ್ಚಿ, ನೀನು ಹೋದ ಮೇಲೆ ಇಲ್ಲೊಂದು ಹೊಸ ರಾಗ ಶುರುವಾಯಿತು. ನಿಮ್ಮತ್ತೆಗೆ ನಿನ್ನ ಕಾಮಿಕ್ಸ್ ಶೆಲ್ಫಿನ ಮೇಲೆ ಮೊದಲಿನಿಂದಲೂ ಕಣ್ಣು. ನೋಟುಬುಕ್ಕು, ಪೆನ್ನು, ಗೋಂದು ಮಾರುವ ಅಂಗಡಿಯಲ್ಲಿ ಈ ಹಾರುವ ಮನುಷ್ಯರಿಗೆ ಏನು ಕೆಲಸ ಎನ್ನುವುದು ಅವಳ ವಾದ. ಸೋಮವಾರವೇ ಜೆರಾಕ್ಸ್ ಮಷೀನಿನವನು ಟೇಪು ಹಿಡಿದು ಬಂದು, ನಿನ್ನ ಶೆಲ್ಫಿನ ಜಾಗವನ್ನು ಉದ್ದಗಲ ಅಳೆದ. ನಾನು ಸುಮ್ಮನಿರುತ್ತೇನೆಯೇ? ಮಗು ಸ್ವಂತ ಕೈಯಿಂದ ಹಲಗೆ ಕೊಯ್ದು ಮೊಳೆ ಹೊಡೆದ ಶೆಲ್ಫು, ಅದು ಬರುವವರೆಗೂ ಯಾರೂ ಮುಟ್ಟುವಂತಿಲ್ಲ ಎಂದು ಗುಡುಗಿದೆ. ನಿಮ್ಮತ್ತೆ ತಲೆ ಕೂಡ ಎತ್ತಲಿಲ್ಲ. “ಆಯ್ತು. ಈ ವಾರದ ಕಟ್ಟು ಶನಿವಾರದೊಳಗೆ ಖಾಲಿ ಮಾಡಿ ತೋರಿಸಿ. ಖಾಲಿಯಾದ್ರೆ ಶೆಲ್ಫು. ಇಲ್ಲಾಂದ್ರೆ ಜೆರಾಕ್ಸು” ಎಂದಳು. ಇಷ್ಟೇನಾ ಎಂದು ನಕ್ಕೆ. ನಗಬಾರದಿತ್ತು.

ಈಗ ಪುಸ್ತಕಗಳ ವಿಚಾರ. ‘ಸಪ್ತವೀರರು’ ಈ ಸಲವೂ ಅದೇ ಕಥೆ. ಊರು ಹೊತ್ತಿ ಉರಿಯುತ್ತಿದೆ, ಏಳು ಜನ ದುಂಡುಮೇಜಿನ ಸುತ್ತ ಕೂತು ಯಾರು ಮೊದಲು ಹೋಗಬೇಕು ಎಂದು ಚರ್ಚಿಸುತ್ತಿದ್ದಾರೆ. ನಮ್ಮ ವ್ಯಾಪಾರಿಗಳ ಸಂಘದ ಸಭೆಯೇ ವಾಸಿ, ಅಲ್ಲಿ ಬಿಸ್ಕತ್ತಾದರೂ ಕೊಡುತ್ತಾರೆ. ಚಿತ್ರಗಾರ ಮಾತ್ರ ಶ್ರಮಪಟ್ಟಿದ್ದಾನೆ. ಬೆಂಕಿಯ ಕೆಂಪಿಗೂ ಅವರ ಮೇಲಂಗಿಯ ಕೆಂಪಿಗೂ ವ್ಯತ್ಯಾಸ ಕಾಣುವಂತೆ ಬಣ್ಣ ಹಚ್ಚಿದ್ದಾನೆ. ಆದರೆ ಎಲ್ಲರಿಗೂ ಒಂದೇ ಗದ್ದ ಬರೆದಿದ್ದಾನೆ ಕಣೇ. ಮುಖವಾಡ ತೆಗೆದರೆ ಹೆತ್ತ ತಾಯಿಗೂ ಗುರುತು ಸಿಗಲಿಕ್ಕಿಲ್ಲ.

‘ಉಕ್ಕಿನಜ್ಜಿ’ ಹೊಸ ಸರಣಿ, ಇದೇ ಮೊದಲ ಸಂಚಿಕೆ. ಕಾರ್ಖಾನೆಯ ಕುಲುಮೆಗೆ ಬಿದ್ದ ಮುದುಕಿಯೊಬ್ಬಳು ಉಕ್ಕಾಗಿ ಎದ್ದು ಬರುತ್ತಾಳೆ. ಎದ್ದವಳು ಕಳ್ಳರನ್ನು ಹೊಡೆಯುವುದಿಲ್ಲ, ಕಿವಿ ಹಿಂಡಿ ಮನೆಗೆ ಕಳಿಸುತ್ತಾಳೆ. ನಾನು ನಕ್ಕೂ ನಕ್ಕೂ ಗಲ್ಲಾದ ಮೇಲೆ ಬಿದ್ದೆ. ಏನು ಅಷ್ಟೊಂದು ನಗು ಎಂದು ನಿಮ್ಮತ್ತೆ ಪುಸ್ತಕ ಕಿತ್ತುಕೊಂಡಳು, ಎರಡು ಪುಟ ನೋಡಿ “ಪರವಾಗಿಲ್ಲ, ಬುದ್ಧಿ ಇರೋ ಹೆಂಗಸು” ಎಂದಳು. ಆಮೇಲೆ ಪುಸ್ತಕ ವಾಪಸ್ಸು ಬರಲಿಲ್ಲ.

‘ಕಾಲಕೀಲಿ’ ಎಂಬುದನ್ನು ತಿರುವಿ ನೋಡಿದವರೆಲ್ಲ ತಲೆಬುಡ ಇಲ್ಲ ಎಂದು ಬೈದರು. ನನಗೆ ಮಾತ್ರ ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಯಿತು. ಕಥೆ ಕೊನೆಯಿಂದ ಮೊದಲಿಗೆ ನಡೆಯುತ್ತದೆ, ನಾನು ಓದುವುದೂ ಹಾಗೆಯೇ. ಇಡೀ ಲೋಕದಲ್ಲಿ ಅದನ್ನು ಸರಿಯಾಗಿ ಓದಿದವನು ನಾನೊಬ್ಬನೇ ಎಂದು ಆ ಲೇಖಕನಿಗೆ ತಿಳಿಸಬೇಕು, ಪಾಪ, ಸಮಾಧಾನವಾದೀತು.

ಕೊನೆಗೆ ‘ಗುಡುಗುಗೈ’, ನೂರನೇ ಸಂಚಿಕೆ. ನೀನು ಹೋಗುವ ಮುಂಚೆಯೇ ಎರಡರಷ್ಟು ಪ್ರತಿಗೆ ಹೇಳಿಟ್ಟಿದ್ದ ಪುಸ್ತಕ. ಒಂದು ವರ್ಷದಿಂದ ಜನ ಬೂದಿರಾಜನ ಮುಖವಾಡದ ಹಿಂದೆ ಯಾರಿದ್ದಾರೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರಲ್ಲ, ಆ ಗುಟ್ಟು ಇದರಲ್ಲಿ ರಟ್ಟಾಗುತ್ತದೆ. ದಪ್ಪ ಕಾಗದ, ಮುಟ್ಟಿದರೆ ಬೆರಳಿಗೆ ನೀಲಿ ಹತ್ತುವಷ್ಟು ಹೊಸ ಅಚ್ಚು. ಸೇತುವೆಯ ಮೇಲಿನ ಜಗಳಕ್ಕೆ ಎರಡು ಪುಟ ಸೇರಿಸಿ ಒಂದೇ ಚಿತ್ರ ಬರೆದಿದ್ದಾನೆ. ಮಾತೇ ಇಲ್ಲ, ಆದರೂ ಕಿವಿಗಡಚಿಕ್ಕುತ್ತದೆ. ಬೂದಿರಾಜ ಯಾರು ಎಂದು ಮಾತ್ರ ನಿನಗೆ ಹೇಳುವುದಿಲ್ಲ. ಪ್ರಾಣ ಹೋದರೂ ಹೇಳುವುದಿಲ್ಲ. ಯಾಕೆಂದರೆ, ಹೇಳಿದರೆ ಏನಾಗುತ್ತದೆ ಎಂದು ಈ ವಾರ ಕಲಿತಿದ್ದೇನೆ.

ಹಲಗೆಯ ಮೇಲೆ ಬರೆದುಬಿಟ್ಟೆ ಗುಬ್ಬಚ್ಚಿ. ದಪ್ಪ ಅಕ್ಷರದಲ್ಲಿ, ಹಳದಿ ಸೀಮೆಸುಣ್ಣದಲ್ಲಿ, ಎರಡು ಸಲ ಅಡಿಗೆರೆ ಎಳೆದು. ‘ಗುಡುಗುಗೈ ನೂರು, ಬಹಳ ಚೆನ್ನಾಗಿದೆ, ಬೂದಿರಾಜ ಎಂದರೆ ಇಂಥವನೇ, ತಪ್ಪದೆ ಓದಿ.’ ‘ಇಂಥವನೇ’ ಎಂದಿರುವಲ್ಲಿ ಹೆಸರು. ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಅಕ್ಷರ ಎಷ್ಟು ದುಂಡಗಿದೆ ಎಂದು ಹೆಮ್ಮೆಪಟ್ಟೆ. ಉಳಿದ ಪುಸ್ತಕಗಳ ಸಾಲಿನಲ್ಲೂ ಅಷ್ಟೇ, ಕೊನೆಗೆ ಏನಾಯಿತೋ ಅದನ್ನೇ ಮೊದಲು ಬರೆದಿದ್ದೆ.

ನೀನು ಈಗ ತಲೆ ಚಚ್ಚಿಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಆದರೆ ನನ್ನ ಕಡೆಯ ನ್ಯಾಯವನ್ನೂ ಕೇಳು. ನಮ್ಮ ಹಳ್ಳಿಯ ಶಾಲೆಯಲ್ಲಿ ಪುಸ್ತಕಗಳನ್ನು ನೆಲದ ಮೇಲೆಯೇ ಒಂದರ ಪಕ್ಕ ಒಂದು ಮಲಗಿಸಿಡುತ್ತಿದ್ದರು. ಗೆದ್ದಲು ಕೆಳಗಿನಿಂದ ಬಂದು ಕೊನೆಯ ಹಾಳೆಗಳನ್ನು ತಿನ್ನುತ್ತಿತ್ತು. ಹಾಗಾಗಿ ಯಾವ ಕಥೆಗೂ ಮೊದಲಿತ್ತು, ನಡುವಿತ್ತು, ಕೊನೆ ಇರಲಿಲ್ಲ. ಕಳೆದ ಉಂಗುರ ರಾಜಕುಮಾರನಿಗೆ ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬ ಬೇಟೆಗಾರ ಈಗಲೂ ಮರದ ಮೇಲೆಯೇ ಇದ್ದಾನೆ, ಹುಲಿ ಕೆಳಗೆ ಕೂತಿದೆ. ಅಂದಿನಿಂದ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಹಾಳೆ ಇದೆಯೇ ಎಂದು ತೆಗೆದು ನೋಡುತ್ತೇನೆ, ಓದಿಕೊಳ್ಳುತ್ತೇನೆ, ಆಮೇಲೆ ನೆಮ್ಮದಿಯಾಗಿ ಮೊದಲಿಗೆ ಬರುತ್ತೇನೆ. ಕೊನೆ ಇದೆ ಎಂದು ಜನರಿಗೆ ತಿಳಿಸುವುದೇ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಕೊನೆ ಗೊತ್ತಾಗದಿರಲಿ ಎಂದು ದುಡ್ಡು ಕೊಟ್ಟು ಓದುವ ಜನರೂ ಇದ್ದಾರೆ ಎಂದು ನನಗೆ ಯಾರು ಹೇಳಿದ್ದರು?

ಬ್ಯಾಂಕಿನ ಕ್ಯಾಷಿಯರ್ ಹೇಳಿದ. ಪ್ರತಿ ವಾರ ನಿನ್ನ ಹತ್ತಿರ ಪುಸ್ತಕ ತೆಗೆದುಕೊಂಡು, ಫೈಲಿನೊಳಗೆ ಮುಚ್ಚಿಟ್ಟು ಒಯ್ಯುತ್ತಾನಲ್ಲ, ಅವನೇ. ನೂರನೇ ಸಂಚಿಕೆಗೆಂದು ಮಂಗಳವಾರ ಬೆಳಗ್ಗೆಯೇ ಓಡಿ ಬಂದವನು ಹಲಗೆ ಓದಿ ಗರಬಡಿದವನ ಹಾಗೆ ನಿಂತ. “ಏನ್ರೀ ಇದು! ಒಂದು ವರ್ಷ ಕಾದಿದ್ದೆ ಕಣ್ರೀ. ಹೆಂಡತಿಗೂ ಹೇಳದೆ ಕಾದಿದ್ದೆ. ಒಂದು ಗೆರೆಯಲ್ಲಿ ಮುಗಿಸಿಬಿಟ್ರಲ್ಲ!” ಎಂದ. ಪುಸ್ತಕ ಮುಟ್ಟಲೇ ಇಲ್ಲ, ಮನೆಯಲ್ಲಿ ಸಾವಾದವರಂತೆ ತಲೆ ತಗ್ಗಿಸಿಕೊಂಡು ಹೋದ. ನಾನು ಓಡಿಹೋಗಿ ಹಲಗೆ ಒರೆಸಿದೆ. ಆದರೆ ಬಸ್‌ಸ್ಟ್ಯಾಂಡಿನ ಎದುರಿನ ಹಲಗೆ ನೋಡು, ಅಷ್ಟರಲ್ಲಿ ನಾಲ್ಕು ದಿಕ್ಕಿಗೂ ಸುದ್ದಿ ಹೋಗಿತ್ತು. ಸಂಜೆ ಶಾಲೆ ಬಿಟ್ಟ ಮಕ್ಕಳು ನಮ್ಮ ಅಂಗಡಿ ದಾಟುವಾಗ ಕಿವಿ ಮುಚ್ಚಿಕೊಂಡು ಓಡಿದವು, ನಾನು ಇನ್ನೂ ಏನಾದರೂ ಹೇಳಿಬಿಟ್ಟೇನು ಎಂದು! ಬುಧವಾರ ಒಂದು ಪ್ರತಿ ಹೋಯಿತು, ದೂರದ ಊರಿನವರೊಬ್ಬರು ಬಸ್ಸಿಳಿದು ಕೊಂಡರು. ಗುರುವಾರ ಪಕ್ಕದ ದರ್ಜಿ ಮರುಕಪಟ್ಟು ಒಂದು ಕೊಂಡ. “ನನಗೆ ಗೊತ್ತಾದ್ರೇನು ಬಿಡಿ ಅಣ್ಣಾ, ನಾನು ಬಟ್ಟೆ ನೋಡೋಕೆ ತಗೊಳ್ಳೋದು. ಆ ಮೇಲಂಗಿಗೆ ಹೊಲಿಗೆ ಎಲ್ಲಿ ಹಾಕವ್ರೆ ಅಂತ ಇದುವರೆಗೂ ಸಿಕ್ಕಿಲ್ಲ” ಎಂದ. ಶುಕ್ರವಾರ ಯಾರೂ ಇಲ್ಲ. ಜೆರಾಕ್ಸಿನವನು ಒಮ್ಮೆ ಹಾದುಹೋಗುತ್ತಾ ಶೆಲ್ಫಿನ ಕಡೆ ನೋಡಿ ನಕ್ಕ, ಮೊದಲೇ ತನ್ನದಾದ ವಸ್ತುವನ್ನು ನೋಡುವ ಹಾಗೆ.

ಆದರೆ ನಿನ್ನ ಮಾವ ಸೋಲುವ ಜಾತಿಯೇ? ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಕಟ್ಟು ಖಾಲಿ! ಒಂದೇ ಒಂದು ಪ್ರತಿ ಉಳಿಯಲಿಲ್ಲ. ಹೇಗೆ ಎಂದು ಕೇಳಬೇಡ. ನಿಮ್ಮತ್ತೆ ಒಳಗೆ ಟೀ ಕಾಯಿಸುತ್ತಿದ್ದಾಗ ಒಬ್ಬ ದೊಡ್ಡ ಮನುಷ್ಯ ಬಂದ. ಎತ್ತರದ ಆಳು, ಒಳ್ಳೆಯ ಮೀಸೆ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಮುಖ. ಬೆಲೆ ಕೂಡ ಕೇಳದೆ ಎಲ್ಲವನ್ನೂ ಕೊಂಡುಕೊಂಡ. ನಷ್ಟದ ಮಾತೇ ಇಲ್ಲ. ಇದ್ದರೂ ನನ್ನ ಎರಡು ಟೀ ಖರ್ಚಿನಷ್ಟು, ಹೆಚ್ಚೆಂದರೆ ಟೀ ಜೊತೆಗೆ ಒಂದು ಬನ್ನಿನಷ್ಟು. ಶೆಲ್ಫು ಇದ್ದಲ್ಲೇ ಇದೆ. ನೀನು ಓರೆಯಾಗಿ ಹೊಡೆದ ಆ ಮೂಲೆಯ ಮೊಳೆ ಈಗಲೂ ನನ್ನ ಅಂಗಿ ಹಿಡಿದೆಳೆಯುತ್ತದೆ.

ಒಂದು ಹೊಸ ವ್ಯವಸ್ಥೆಯನ್ನೂ ಮಾಡಿದ್ದೇನೆ. ಇನ್ನು ಮುಂದೆ ನಾನು ಓದುವ ಪ್ರತಿಯ ಕೊನೆಯ ಹಾಳೆಗಳನ್ನು ದರ್ಜಿ ಮಷೀನಿನಲ್ಲಿ ಹೊಲಿದು ಕೊಡುತ್ತಾನೆ. ಹಲಗೆಯ ಮೇಲೆ ಬರೆದು ಮುಗಿಸಿದ ಮೇಲೆಯೇ ದಾರ ಬಿಚ್ಚುವುದು. ಇವತ್ತು ಬೆಳಗ್ಗೆ ‘ನೀಲಿ ನೆರಳು’ ಓದುವಾಗ ಪರೀಕ್ಷಿಸಿದೆ. ಇದೂ ಈ ವಾರದ್ದೇ, ಸೋಮವಾರ ಓದದೆ ಉಳಿದಿದ್ದು ಇದೊಂದೇ, ಹೇಳಲು ಮರೆತಿದ್ದೆ. ಆ ಹುಡುಗಿ ನೆರಳಾಗಿ ಗೋಡೆಯ ಮೇಲೆ ಓಡಾಡುತ್ತಾಳೆ. ನಡುಮಧ್ಯಾಹ್ನವಾದರೆ ಕುಗ್ಗಿ ಕಾಲಡಿಗೆ ಬರುತ್ತಾಳೆ, ಆಗ ಅವಳಿಗೆ ಬಲವಿಲ್ಲ. ಶತ್ರುಗಳಿಗೆ ಅದು ಗೊತ್ತು. ಗಡಿಯಾರ ಹನ್ನೆರಡಕ್ಕೆ ಹತ್ತಿರವಾಗುತ್ತಿದೆ, ಮುಂದಿನ ಪುಟ ತಿರುಗಿಸಿದರೆ ದಾರ! ಐವತ್ತೆಂಟು ವರ್ಷಕ್ಕೆ ಮೊದಲ ಸಲ, ಮುಂದೇನು ಎಂದು ಗೊತ್ತಿಲ್ಲದೆ ಕೂತೆ. ಟೀ ಆರಿಹೋಯಿತು. ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಬಹಳ ಚೆನ್ನಾಗಿತ್ತು ಗುಬ್ಬಚ್ಚಿ, ಹಾಗೆ ಕೂತಿದ್ದು. ಕ್ಯಾಷಿಯರಿನ ಒಂದು ವರ್ಷ ಏನೆಂದು ಆಗ ತಿಳಿಯಿತು. ನಾಳೆ ಬ್ಯಾಂಕಿಗೇ ಹೋಗಿ ಈ ‘ನೀಲಿ ನೆರಳು’ ಕೊಟ್ಟು ಬರುತ್ತೇನೆ, ಹೊಲಿಗೆ ಸಮೇತ, ಬಾಯಿ ಮುಚ್ಚಿಕೊಂಡು.

ನಿನಗೂ ‘ಗುಡುಗುಗೈ’ ನೂರನ್ನು ಇದರ ಜೊತೆಗೇ ಕಳಿಸಿದ್ದೇನೆ. ಕೊನೆಯ ಹಾಳೆಗೆ ಎರಡು ಸಾಲು ಹೊಲಿಗೆ. ನಿನ್ನ ಬೆಸುಗೆಯ ಕೈಗೆ ಅದು ಯಾವ ಲೆಕ್ಕ, ಆದರೂ ಕ್ರಮವಾಗಿ ಓದು.

ಬಸ್ಸಿನ ವಿಷಯ ಮರೆತೆ. ಮಂಗಳವಾರ ಅಂಗಡಿ ಮುಂದೆ ಚಕ್ರ ಪಂಕ್ಚರಾದ ಬಸ್ಸನ್ನು ಡ್ರೈವರು ಜಾಕಿ ಹಾಕಿ ಎತ್ತುತ್ತಿದ್ದ. ನಾನು ಹಿಂದಿನಿಂದ ಒಂದು ಕೈ ಕೊಟ್ಟೆ. ಕೈ ತೆಗೆದಾಗಲೂ ಬಸ್ಸು ಬೀಳಲಿಲ್ಲ ಎನ್ನುವುದು ನಿಜ, ಆದರೆ ಅದು ನಾನು ಮೊದಲೇ ಎತ್ತಿ ಅಭ್ಯಾಸ ಮಾಡಿಸಿದ್ದರಿಂದ. ನಿಜ ಹೇಳಬೇಕೆಂದರೆ, ಈ ವಾರದ ಎಲ್ಲ ಪುಸ್ತಕ ಓದಿದ ಮೇಲೂ, ಮುಖವಾಡ ಹಾಕಿಕೊಂಡು ಕೈಯಿಂದ ಬೆಂಕಿ ಹಾರಿಸಿ ಮುರಿದದ್ದನ್ನು ಕೂಡಿಸುವವಳು ನನಗೆ ಒಬ್ಬಳೇ ಗೊತ್ತು. ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡಲಿ, ಅಷ್ಟು ಸಾಕು.

ನಿಮ್ಮಮ್ಮ ಮುದ್ದು ಕಳಿಸಿದ್ದಾಳೆ, ನಿಮ್ಮತ್ತೆ ತಲೆಗೆ ಎಣ್ಣೆ ಹಚ್ಚಿಕೋ ಎಂಬ ಆಜ್ಞೆ ಕಳಿಸಿದ್ದಾಳೆ, ದರ್ಜಿ ಒಂದು ನಮಸ್ಕಾರ. ನಿನ್ನ ಕೈ ಹಿಡಿದ ಕಬ್ಬಿಣವೆಲ್ಲ ಗಟ್ಟಿಯಾಗಿ ನಿಲ್ಲಲಿ.

ಇಂತಿ,
ಬಸ್ಸೆತ್ತಿದ ನಿನ್ನ ಮಾವ

ಮರೆತಿದ್ದು: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ನಿಮ್ಮತ್ತೆ ಹಿತ್ತಲಿನಲ್ಲಿದ್ದಾಳೆ. ಆ ದೊಡ್ಡ ಮನುಷ್ಯ ಯಾರೆಂದು ನೀನು ಆಗಲೇ ಊಹಿಸಿರುತ್ತೀಯ. ಕಟ್ಟೆಲ್ಲ ನನ್ನ ಹಾಸಿಗೆಯ ಕೆಳಗಿದೆ. ನಿನ್ನ ತರಬೇತಿ ಮುಗಿಯುವ ದಿನ ಹೊಸ ಬೂಟು ಹಾಕಿಕೊಂಡು ಬರುತ್ತೇನೆ ಎಂದಿದ್ದೆನಲ್ಲ, ಹಳೆಯ ಚಪ್ಪಲಿಯಲ್ಲೇ ಬರುತ್ತೇನೆ, ನಿನ್ನ ಗೆಳತಿಯರಿಗೆ ನಾಚಿಕೆಯಾದರೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಇವತ್ತು ಬೆಳಗ್ಗೆ ನಿಮ್ಮತ್ತೆ ಹಾಸಿಗೆ ಕೊಡವಲು ಬಂದು, ಒಂದು ಗಳಿಗೆ ನಿಂತು ನೋಡಿ, “ಹಾಸಿಗೆ ಎತ್ತರ ಆಗಿದೆ. ನಿಮ್ಮ ಮಂಡಿಗೆ ಒಂದು ಮೆಟ್ಟಿಲು ಹಾಕಿಸಬೇಕು” ಎಂದಷ್ಟೇ ಹೇಳಿದಳು. ಆಮೇಲೆ ಜೆರಾಕ್ಸಿನವನಿಗೆ ಫೋನು ಮಾಡಿ ಮುಂದಿನ ವರ್ಷ ನೋಡೋಣ ಎಂದಳು. ಗೊತ್ತಾಗಿದೆಯೋ ಇಲ್ಲವೋ ನಾನು ಕೇಳಲಿಲ್ಲ, ನೀನೂ ಕೇಳಬೇಡ. ಮೇಲೆ ಎರಡು ಟೀ ಎಂದು ಬರೆದದ್ದು ಸುಳ್ಳು. ಬನ್ನು ಸೇರಿಸಿದ್ದೂ ಸುಳ್ಳು. ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ.